ಪೆಟ್ಟಿಗೆಯ ಮೇಲಿನ ಎರಡು ಮುಖ

"ಅಯ್ಯೋ... ಶಿವನೇ!"

ಬಾಗಿಲು ತೆರೆದದ್ದೇ ತಡ, ಹೊರಗೆ ನಿಂತಿದ್ದ ಗಂಡಸು ಕಿರುಚಿಕೊಂಡು ಹಿಂದಕ್ಕೆ ಹಾರಿದ. ಹಿಂದೆ ಕಲ್ಲಿನ ಮೆಟ್ಟಿಲಿದೆ ಎಂಬುದು ಅವನ ನೆನಪಿಗೇ ಬರಲಿಲ್ಲ. ಕಾಲು ಹೊರಳಿತು. ಕೈಯಲ್ಲಿದ್ದ ಹೆಲ್ಮೆಟ್ಟು ಉರುಳಿಹೋಗಿ ಗೇಟಿಗೆ ಬಡಿಯಿತು. ಅವನು ದೊಪ್ಪನೆ ಅಂಗಳದಲ್ಲಿ ಕುಳಿತುಬಿಟ್ಟ.

"ಯಾರ್ರೀ ಅದು? ಏನಾಯ್ತು?" ಮಲ್ಲಿಕಾಂಬ ಗಾಬರಿಯಿಂದ ಮೆಟ್ಟಿಲಿಳಿದಳು.

"ಹತ್ರ ಬರ್ಬೇಡಿ! ಅಲ್ಲೇ... ಅಲ್ಲೇ ನಿಂತ್ಕೊಳ್ಳಿ!"

ಆಗ ಅವಳಿಗೆ ಹೊಳೆಯಿತು. ಅಯ್ಯೋ, ಮುಖವಾಡ!

ಕಡೂರಿನ ಆ ಬೀದಿಯಲ್ಲಿ ಕರೆಂಟು ಹೋಗಿತ್ತು. ಮುಸ್ಸಂಜೆ ಕಳೆದು ಮನೆಯೊಳಗೆಲ್ಲ ಕತ್ತಲು. ಆ ಕತ್ತಲಿನಿಂದ ಎದ್ದು ಬಂದವಳ ಮುಖದ ಜಾಗದಲ್ಲಿ ಮುಖವೇ ಇಲ್ಲ! ಬಿಳಿ ಪ್ಲಾಸ್ಟಿಕ್ಕಿನ ಚಿಪ್ಪು, ಕಣ್ಣಿಗೆ ಎರಡು ತೂತು, ಒಳಗಿಂದ ಕೆಂಡದಂತೆ ಉರಿಯುವ ಕೆಂಪು ಬೆಳಕು... ಚರ್ಮ ನಯವಾಗಲಿ ಎಂದು ಮಗಳು ಕೊಡಿಸಿದ್ದ ಬ್ಯಾಟರಿ ಮುಖವಾಡ ಅದು. ಸಂಜೆ ಹತ್ತು ನಿಮಿಷ ಅದನ್ನು ಹಾಕಿಕೊಂಡು ಕಣ್ಣುಮುಚ್ಚಿ ಕೂರುವುದು ಅವಳ ಅಭ್ಯಾಸ. ಬಾಗಿಲು ಬಡಿದ ಸದ್ದಿಗೆ ಹಾಗೇ ಎದ್ದು ಬಂದಿದ್ದಳು.

ಅವಳು ಅವಸರವಾಗಿ ಅದನ್ನು ಕಿತ್ತಳು. ಪಟ್ಟಿ ಜಡೆಗೆ ಸಿಕ್ಕಿಕೊಂಡು ಜಾರಿ, ಮುಖವಾಡ ಕಲ್ಲಿನ ಮೇಲೆ ಬಿತ್ತು. ಫಟ್ ಎಂದ ಸದ್ದು. ಅರ್ಧ ದೀಪಗಳು ಅಲ್ಲೇ ಆರಿಹೋದವು.

"ನಾನು ದೆವ್ವ ಅಲ್ಲ ಕಣ್ರೀ... ಮನುಷ್ಯಳೇ," ಎಂದಳು. ಅಳಬೇಕೋ ನಗಬೇಕೋ ತಿಳಿಯದ ದನಿ.

ಅವನು ಮೊಬೈಲಿನ ಟಾರ್ಚು ಹೊತ್ತಿಸಿ ಅವಳತ್ತ ಹಿಡಿದ. ಒಂದು ಕ್ಷಣ... ಎರಡು ಕ್ಷಣ... ನೋಡುತ್ತಲೇ ಇದ್ದ.

ಎಷ್ಟು ವರ್ಷವಾಗಿತ್ತು, ಒಬ್ಬ ಗಂಡಸು ಹೀಗೆ ಅವಳ ಮುಖವನ್ನು ನೇರವಾಗಿ ನೋಡಿ! ಅವಳು ಥಟ್ಟನೆ ಸೆರಗನ್ನು ಕೆನ್ನೆಗೆ ಎಳೆದುಕೊಂಡಳು.

"ಮುಖ ಚೆನ್ನಾಗೇ ಇದೆಯಲ್ರೀ," ಎಂದ ಅವನು, ಇನ್ನೂ ಉಸಿರು ಎಳೆದುಕೊಳ್ಳುತ್ತಾ. "ಅದ್ರ ಮೇಲೆ ಅದನ್ನ ಯಾಕೆ ಹಾಕ್ಕೊಂಡಿದ್ರಿ, ಜೀವ ಹೋಗೋ ಹಾಗೆ?"

ಬೆಂಕಿ ತಗುಲಿದಂತೆ ಅವಳ ಕಿವಿ ಬಿಸಿಯಾಯಿತು. "ನೀವ್ಯಾರು ಅಂತ ಮೊದ್ಲು ಹೇಳಿ!"

"ವಿಶ್ವಾರಾಧ್ಯ ಅಂತ. ಸಿಂಗಟಗೆರೆ ದನದ ಆಸ್ಪತ್ರೆಗೆ ಟ್ರಾನ್ಸ್‌ಫರ್ ಆಗಿ ಬಂದಿದೀನಿ. ಮೇಲ್ಗಡೆ ಮನೆ ಖಾಲಿ ಇದೆ ಅಂದ್ರು... ನೋಡೋಣ ಅಂತ ಬಂದೆ." ಅವನು ಏಳಲು ನೋಡಿ ಮುಖ ಕಿವಿಚಿದ. "ಈಗ ಮೆಟ್ಲು ಹತ್ತೋಕಾಗಲ್ಲ ಬಿಡಿ. ಕಾಲು ಉಳುಕ್ತು."

ಎಷ್ಟೇ ತಡೆದುಕೊಂಡರೂ ಮಲ್ಲಿಕಾಂಬಳಿಗೆ ನಗು ಬಂದುಬಿಟ್ಟಿತು.

ನೋವಿನಲ್ಲೂ ಅವನು ನಕ್ಕ.

*

ಮಲ್ಲಿಕಾಂಬಳಿಗೆ ನಲವತ್ತಾರು. ಸಿಂಗಟಗೆರೆಯ ಶಾಲೆಯಲ್ಲಿ ಟೀಚರು. ಗಂಡ ರುದ್ರಮೂರ್ತಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮಗಳು ಸೌಮ್ಯ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಅಂದಿನಿಂದ ಅವಳ ಬದುಕೆಂದರೆ ಶಾಲೆ, ಮಗಳು, ಬೆಳಗಿನ ಲಿಂಗಪೂಜೆ, ಮತ್ತೆ ಕಡೂರಿನಿಂದ ಸಿಂಗಟಗೆರೆಗೆ ಹೋಗಿಬರುವ ಸ್ಕೂಟರು. ಬಯಲು ದಾರಿ. ರಾಗಿ ಹೊಲ, ತೆಂಗಿನ ತೋಟ ಬಿಟ್ಟರೆ ನೆರಳಿಲ್ಲ. ವರ್ಷಾನುಗಟ್ಟಲೆ ಬಿಸಿಲೂ ಧೂಳೂ ಆ ಮುಖಕ್ಕೆ ನೇರವಾಗಿ ಬಡಿದಿದ್ದವು. ಅವಳು ಒಂದು ದಿನವೂ ಅದರ ಕಡೆ ತಿರುಗಿ ನೋಡಿರಲಿಲ್ಲ.

ನೋಡುವಂತೆ ಮಾಡಿದ್ದು ಸೌಮ್ಯಳ ಮದುವೆ.

ಧಾರೆ ಮುಗಿದು ಎಲ್ಲರೂ ಊಟಕ್ಕೆ ಏಳುವಾಗ ಗಂಡಿನ ಕಡೆಯ ಹೆಂಗಸೊಬ್ಬಳು ಪ್ರೀತಿಯಿಂದಲೇ ಕೇಳಿದ್ದಳು. "ನೀವು ಹುಡುಗಿಗೆ ಅಜ್ಜಿ ಆಗ್ಬೇಕಾ?"

ಮಲ್ಲಿಕಾಂಬ ನಕ್ಕು, "ಅಲ್ಲಮ್ಮ, ತಾಯಿ," ಎಂದಿದ್ದಳು. ಆದರೆ ಮದುವೆಮನೆಯ ಹಿಂಬದಿಯ ಕೋಣೆಯ ಕನ್ನಡಿಯ ಮುಂದೆ ಹೋಗಿ ನಿಂತಾಗ... ಮೂಗಿನ ಪಕ್ಕ ಹಿಗ್ಗಿದ ರಂಧ್ರಗಳು, ಒಣಗಿದ ಕೆರೆಯಂಗಳದಂತೆ ಒರಟಾದ ಕೆನ್ನೆ, ಬಾಯಿಯ ಎರಡೂ ಬದಿಗೆ ಇಳಿದ ಗೆರೆ. 'ಇದು ಯಾವಾಗಾಯ್ತು? ನಾನಿನ್ನೂ ಬದುಕೋಕೆ ಶುರುವೇ ಮಾಡಿರ್ಲಿಲ್ಲವಲ್ಲ...' ಎಂದುಕೊಂಡಿದ್ದಳು.

ಆ 'ಅಜ್ಜಿ' ಮಾತು ಹೇಗೋ ಸೌಮ್ಯಳ ಕಿವಿಗೆ ಬಿತ್ತು. ತರೀಕೆರೆಯ ಗಂಡನ ಮನೆಗೆ ಹೋದ ಮೇಲೆ ಅವಳು ಅಮ್ಮನ ಹುಟ್ಟುಹಬ್ಬಕ್ಕೆ ಆ ಕೆಂಪು ಬೆಳಕಿನ ಮುಖವಾಡ ತಂದಿದ್ದಳು.

"ಈ ವಯಸ್ಸಲ್ಲಿ ಇದೆಲ್ಲ ಬೇಕಾ ನನಗೆ? ಜನ ನಗ್ತಾರೆ ಕಣೇ!"

"ನಿನ್ನ ಮನೇಲಿ ನೀನು ಕೂತಿರ್ತೀಯ, ಯಾವ ಜನ ನೋಡ್ತಾರಮ್ಮ? ಹಾಕ್ಕೋ ಸುಮ್ನೆ."

ಸುಮ್ಮನೆ ಹಾಕಿಕೊಂಡಿದ್ದಳು. ಬರಬರುತ್ತಾ ಅದು ಇಷ್ಟವಾಗತೊಡಗಿತ್ತು. ಮುಖ ತೊಳೆದು, ಒರೆಸಿ, ಬೆಚ್ಚಗಿನ ಆ ಬೆಳಕಿನೊಳಗೆ ಕಣ್ಣುಮುಚ್ಚಿದರೆ ಯಾರೂ ಕರೆಯುವುದಿಲ್ಲ, ಯಾವ ಕೆಲಸವೂ ಇಲ್ಲ. ಕೆಲವು ತಿಂಗಳಾಗುವಷ್ಟರಲ್ಲಿ ಕೆನ್ನೆಯ ಒರಟು ಸ್ವಲ್ಪ ತಗ್ಗಿದೆ ಎಂದು ಅವಳ ಬೆರಳಿಗೇ ಗೊತ್ತಾಗಿತ್ತು. ಯಾರಿಗೂ ಹೇಳಿರಲಿಲ್ಲ.

ಈಗ ನೋಡಿದರೆ ಮೊದಲು ಗೊತ್ತಾದದ್ದು ಬಾಡಿಗೆಗೆ ಬಂದವನಿಗೆ!

*

ವಿಶ್ವಾರಾಧ್ಯ ಮೇಲಿನ ಮನೆಗೆ ಬಂದ. ಐವತ್ತು ದಾಟಿದ ಮನುಷ್ಯ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮಾತು ಕಡಿಮೆ. ಕಾಲಿನ ಉಳುಕು ಇಳಿಯುವ ತನಕ ಬೈಕಿನ ಕಿಕ್ಕು ಹೊಡೆಯುವಂತಿರಲಿಲ್ಲ.

"ನನ್ನಿಂದ ತಾನೆ ಬಿದ್ದದ್ದು? ನಾನೂ ಅದೇ ಊರಿಗೆ ಹೋಗೋದು. ಸ್ಕೂಟರಲ್ಲಿ ಕೂತ್ಕೊಳ್ಳಿ," ಎಂದಳು ಮಲ್ಲಿಕಾಂಬ.

"ಬೇಡ ಟೀಚರ್. ನೋಡಿದವ್ರು ಏನಾದ್ರೂ ಅಂದಾರು."

"ಕುಂಟ್ಕೊಂಡು ಬಸ್ಸಿಗೆ ಓಡೋರನ್ನ ನೋಡಿದ್ರೂ ಅಂತಾರೆ. ಹತ್ತಿ."

ಅವನು ಹತ್ತಿದ. ಹಿಂದಿನ ಸೀಟಿನ ತುದಿಯಲ್ಲಿ, ಬೀಳುವಷ್ಟು ದೂರದಲ್ಲಿ, ಔಷಧಿಯ ಚೀಲವನ್ನು ಇಬ್ಬರ ನಡುವೆ ಗೋಡೆಯಂತೆ ಇಟ್ಟುಕೊಂಡು ಕುಳಿತ. ಮೊದಲ ದಿನ ಒಂದೂ ಮಾತಿಲ್ಲ. ಎರಡನೆಯ ದಿನ ರಾಗಿ ಪೈರಿನ ಬಗ್ಗೆ ಒಂದು ಮಾತು. ಆಮೇಲೆ ಮಾತು ತಾನಾಗಿ ಬಂತು. ಕರು ಹಾಕಲು ಕಷ್ಟಪಟ್ಟ ಹಸು, ಹಿಂದಿನ ಬೆಂಚಿನಲ್ಲಿ ಕುಳಿತು ಟೀಚರಿನ ನಡಿಗೆಯನ್ನೇ ಅಣಕಿಸುವ ಮಕ್ಕಳು...

"ಅವತ್ತು ಬಿತ್ತಲ್ಲ, ಆ ಮುಖವಾಡ ಏನಾಯ್ತು ಟೀಚರ್?" ಒಂದು ದಿನ ಅವನು ಕೇಳಿದ.

"ಎಡಗಡೆ ದೀಪ ಒಂದೂ ಉರಿಯಲ್ಲ. ಬಲಗಡೆ ಮಾತ್ರ!" ಅವಳು ನಕ್ಕಳು. "ಹೀಗೇ ಹೋದ್ರೆ ಬಲಗೆನ್ನೆ ಮಗಳು, ಎಡಗೆನ್ನೆ ತಾಯಿ ಆಗತ್ತೆ."

ಅವನು ನಗಲಿಲ್ಲ. "ಹೌದಾ..." ಎಂದಷ್ಟೇ ಹೇಳಿದ.

ಕಾಲು ವಾಸಿಯಾಗಿ ಬಹಳ ದಿನವಾದರೂ ಬೈಕು ಗೇಟಿನ ಬಳಿಯೇ ನಿಂತಿತ್ತು. ಅವನೂ ಅದರ ಮಾತೆತ್ತಲಿಲ್ಲ, ಅವಳೂ ಕೇಳಲಿಲ್ಲ.

ಪಕ್ಕದ ಮನೆಯ ಜಹೀರುನ್ನೀಸಾ ಮಾತ್ರ ಸುಮ್ಮನಿರಲಿಲ್ಲ. ಮಲ್ಲಿಕಾಂಬಳಿಗಿಂತ ಹತ್ತು ವರ್ಷ ದೊಡ್ಡವಳು. ರುದ್ರಮೂರ್ತಿ ಸತ್ತ ದಿನದಿಂದ ಅವಳನ್ನು ತಂಗಿಯಂತೆ ನೋಡಿಕೊಂಡವಳು. ಕಾಂಪೌಂಡಿನ ಮೇಲೆ ಕೈಯೂರಿ ಕೇಳಿದಳು, "ಅರೇ ಮಲ್ಲಿಕಾ, ಮುಖ ಬಹಳ ಹೊಳೀತಾ ಇದೆ! ಆ ಮೆಷಿನ್ನಿಂದಾನಾ, ಇಲ್ಲಾ ಸ್ಕೂಟರ್ ಗಾಳಿಯಿಂದಾನಾ?"

"ಸುಮ್ನಿರಿ ಆಪಾ!"

'ಸುಮ್ನಿರು ಮನಸೇ...' ಎಂದು ತನಗೂ ಹೇಳಿಕೊಂಡಳು. ಮನಸ್ಸು ಕೇಳಬೇಕಲ್ಲ!

*

ಒಂದು ಭಾನುವಾರ ವಿಶ್ವಾರಾಧ್ಯ ಶಿವಮೊಗ್ಗಕ್ಕೆ ಹೋಗಿದ್ದವನು ಸಂಜೆಗೆ ವಾಪಸಾದ. ಮೇಲೆ ಹತ್ತದೆ ನೇರವಾಗಿ ಅವಳ ಬಾಗಿಲಿಗೆ ಬಂದ. ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆ.

"ಟೀಚರ್... ಇದು ನಿಮಗೆ."

ಮಲ್ಲಿಕಾಂಬ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. 'ನನಗಾ? ಏನಿರಬಹುದು? ಸೀರೆಯಾ? ಸೀರೆ ಇಷ್ಟು ಭಾರ ಇರಲ್ಲ...' ಇಷ್ಟು ವರ್ಷದಲ್ಲಿ ಅವಳಿಗಾಗಿ ಒಬ್ಬ ಗಂಡಸು ಕಾಗದ ಸುತ್ತಿಸಿ ತಂದ ವಸ್ತು ಇದೇ ಮೊದಲು. ಅವನ ಕಣ್ಣಿನಲ್ಲಿ ಮಕ್ಕಳ ಕಣ್ಣಿನ ಕಾತರ.

"ಬಿಚ್ಚಿ ನೋಡಿ," ಎಂದ.

ಬಿಚ್ಚಿದಳು.

ಪೆಟ್ಟಿಗೆಯ ಮೇಲೆ ಒಬ್ಬಳೇ ಹೆಂಗಸಿನ ಎರಡು ಮುಖ. ಎಡಗಡೆಯ ಮುಖದಲ್ಲಿ ಗೆರೆ, ರಂಧ್ರ, ಜೋತ ಕೆನ್ನೆ. ಕೆಳಗೆ 'ಮುಂಚೆ' ಎಂದು ಬರೆದಿತ್ತು. ಬಲಗಡೆಯ ಮುಖ ಬೆಣ್ಣೆ ಸವರಿದಂತೆ ನಯ. ಕೆಳಗೆ 'ಆಮೇಲೆ'.

ಎಡಗಡೆಯ ಮುಖ... ಅವಳದೇ ಮುಖದಂತಿತ್ತು.

"ಕೈಯಲ್ಲಿ ಹಿಡಿಯೋ ಮೆಷಿನ್ನು. ಬಿಸಿ ಕೊಟ್ಟು ಚರ್ಮ ಬಿಗಿ ಮಾಡತ್ತಂತೆ," ವಿಶ್ವಾರಾಧ್ಯ ಹುರುಪಿನಿಂದ ಹೇಳುತ್ತಿದ್ದ. "ಆ ಮುಖವಾಡಕ್ಕಿಂತ ಪವರ್ ಜಾಸ್ತಿಯಂತೆ. ಬೇಗ ಗುಣ ಕಾಣತ್ತೆ ಅಂದ್ರು ಅಂಗಡಿಯವ್ರು."

ಬೇಗ ಗುಣ ಕಾಣತ್ತೆ! ಹಾಗಾದರೆ ಇದು ರೋಗ. ಅವನ ಕಣ್ಣಿಗೂ ಇದು ರೋಗ!

ದಿನವೂ ಆ ಸ್ಕೂಟರಿನಲ್ಲಿ ಅವಳು ಮೆಲ್ಲಗೆ ಮರೆಯುತ್ತಾ ಬಂದದ್ದೆಲ್ಲ ಒಮ್ಮೆಗೇ ನೆನಪಾಯಿತು. ಅವಳು ತನ್ನ ವಯಸ್ಸನ್ನು ಮರೆತಿದ್ದಳು. ಅವನು ಮರೆತಿರಲಿಲ್ಲ.

"ಥ್ಯಾಂಕ್ಸ್," ಎಂದಳು. ದನಿ ತನ್ನದೆಂದು ಅನ್ನಿಸಲಿಲ್ಲ. ಬಾಗಿಲು ಮುಚ್ಚಿದಳು.

ಹೊರಗೆ ಅವನು ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಮೆಟ್ಟಿಲು ಹತ್ತುವ ನಿಧಾನದ ಹೆಜ್ಜೆ ಸದ್ದು ಕೇಳಿತು.

'ಆಗಲಿ. ಅವ್ರಿಗೆ ಆ ಬಲಗಡೆ ಮುಖಾನೇ ಬೇಕಾದ್ರೆ... ತೋರಿಸ್ತೀನಿ!'

ಕಣ್ಣೀರು ಒರೆಸಿಕೊಂಡು ಅವಳು ಕನ್ನಡಿಯ ಮುಂದೆ ಕುಳಿತಳು. ಮೊದಲು ಜೆಲ್ ಹಚ್ಚಬೇಕು, ಕಡಿಮೆ ಬಿಸಿಯಿಂದ ಶುರು ಮಾಡಬೇಕು, ಒಂದೇ ಜಾಗದಲ್ಲಿ ನಿಲ್ಲಿಸಬಾರದು ಎಂದು ಒಳಗಿನ ಕಾಗದದಲ್ಲಿ ಅಚ್ಚಾಗಿತ್ತು. ಮಕ್ಕಳಿಗೆ 'ಪ್ರಶ್ನೆ ಪೂರ್ತಿ ಓದ್ರೋ' ಎಂದು ದಿನವೂ ಹೇಳುವ ಟೀಚರು ಆ ಕಾಗದವನ್ನು ಬಿಡಿಸಿಯೂ ನೋಡಲಿಲ್ಲ. ಗುಂಡಿಯನ್ನು ಕೊನೆಯ ತನಕ ಒತ್ತಿ, ಒಣ ಕೆನ್ನೆಯ ಮೇಲೆ ಮೆಷಿನ್ನನ್ನು ಉಜ್ಜಿದಳು. ಉರಿಯಿತು. ಇನ್ನೂ ಒತ್ತಿದಳು. ಒಳಗಿನ ಉರಿಯ ಮುಂದೆ ಅದು ಯಾವ ಲೆಕ್ಕ!

ಬೆಳಗ್ಗೆ ಎದ್ದಾಗ ಎಡಗೆನ್ನೆಯ ಮೇಲೆ ನೀರುಗುಳ್ಳೆ ಎದ್ದಿತ್ತು. ಬಲಗೆನ್ನೆ ಕೆಂಪಗೆ ಊದಿತ್ತು.

*

ಶಾಲೆಗೆ ರಜೆ ಹಾಕಿದಳು. "ಇವತ್ತು ಸ್ಕೂಟರ್ ಬರಲ್ಲ," ಎಂದು ಬಾಗಿಲ ಸಂದಿಯಿಂದಲೇ ಹೇಳಿದಳು. ಮರುದಿನವೂ ಅಷ್ಟೇ. ಅವನು ಔಷಧಿ ಬೇಕೇ, ಹಾಲು ತರಲೇ ಎಂದು ಕೇಳಿದ. ಬೇಡ, ಬೇಡ, ಏನೂ ಬೇಡ.

ಮೂರನೆಯ ದಿನ ಅವಳೇ ಮುಚ್ಚಿದ ಬಾಗಿಲ ಹಿಂದೆ ನಿಂತು ಹೇಳಿಬಿಟ್ಟಳು. "ಮೇಲಿನ ಮನೆ ನಮ್ಮ ನೆಂಟರಿಗೆ ಬೇಕಾಗಿದೆ. ನೀವು ಬೇರೆ ಕಡೆ ನೋಡ್ಕೊಳ್ಳಿ."

ಹೊರಗೆ ಹೆಜ್ಜೆಯೊಂದು ಹಿಂದಕ್ಕೆ ಸರಿಯಿತು.

"ಆಯ್ತು ಟೀಚರ್. ಅಜ್ಜಂಪುರದ ಕಡೆ ಕಾಲುಬಾಯಿ ಜ್ವರದ ಲಸಿಕೆ ಹಾಕೋಕೆ ಜನ ಸಾಲದು ಅಂತ ಕೇಳ್ತಾ ಇದ್ರು. ನಾನೇ ಬರ್ತೀನಿ ಅಂತ ಹೇಳ್ತೀನಿ." ಅವನ ದನಿ ತಡವರಿಸಿತು. "ನನ್ನಿಂದ ಏನ್ ತಪ್ಪಾಯ್ತು ಅಂತ ಒಂದ್ಮಾತು ಹೇಳಿದ್ರೆ..."

ಬಾಗಿಲ ಚಿಲಕದ ಮೇಲೆ ಅವಳ ಕೈ ಇತ್ತು. ತೆರೆದರೆ ಅವನಿದ್ದಾನೆ. ತೆರೆದರೆ... ಈ ಮುಖವನ್ನೂ ನೋಡುತ್ತಾನೆ!

ಚಿಲಕ ತೆಗೆಯಲಿಲ್ಲ.

ಸಂಜೆ ಗೇಟಿನ ಬಳಿ ಬೈಕು ಸ್ಟಾರ್ಟ್ ಆದ ಸದ್ದು ಕೇಳಿ ಅವಳು ಗೋಡೆಗೆ ಒರಗಿ ಕುಸಿದು ಕುಳಿತಳು. ಎಷ್ಟೋ ದಿನ ನಿಂತಲ್ಲೇ ನಿಂತಿದ್ದ ಬೈಕು... ಹೋಯಿತು.

*

"ಯಾ ಅಲ್ಲಾ! ಇದೇನೇ ಇದು ಮುಖ?"

ಜಹೀರುನ್ನೀಸಾ ಕದ ತಳ್ಳಿಕೊಂಡು ಬಂದವಳು ಒಂದು ಮಾತನ್ನೂ ಕೇಳದೆ ಅವಳ ಕೈ ಹಿಡಿದು ಎಳೆದುಕೊಂಡು ಹೋದದ್ದು ತನ್ನ ಸೊಸೆಯ ಹತ್ತಿರ. ಸೊಸೆ ಅರ್ಫಾ ಕಡೂರಿನಲ್ಲೇ ಚರ್ಮದ ಡಾಕ್ಟರು.

ಅರ್ಫಾ ದೀಪ ಹಿಡಿದು ಎರಡೂ ಕೆನ್ನೆಯನ್ನು ನೋಡಿದಳು. ಮುಲಾಮು ಹಚ್ಚಿದಳು. ಬೈಯಲಿಲ್ಲ.

"ಗಾಯ ಆಳಕ್ಕೆ ಹೋಗಿಲ್ಲ ಆಂಟಿ, ವಾಸಿಯಾಗತ್ತೆ. ಸ್ವಲ್ಪ ದಿನ ಕಂದು ಕಲೆ ಉಳಿಯತ್ತೆ. ಗುಳ್ಳೆ ಒಡೀಬೇಡಿ, ಬಿಸಿಲಿಗೆ ಮುಖ ಕೊಡಬೇಡಿ. ಗಾಯ ಆರಿದ ಮೇಲೆ ಸನ್‌ಸ್ಕ್ರೀನ್ ಹಚ್ಚದೆ ಸ್ಕೂಟರ್ ಮುಟ್ಟಬೇಡಿ. ನಿಮ್ಮ ಚರ್ಮಕ್ಕೆ ಯಾವ ಮೆಷಿನ್ನಿಗಿಂತ್ಲೂ ಮೊದ್ಲು ಬೇಕಾಗಿರೋದು ಅದೇ."

"ಇನ್ನು ಜನ್ಮದಲ್ಲಿ ಈ ಮೆಷಿನ್ನುಗಳ ಸಹವಾಸ ಬೇಡಮ್ಮ."

"ಯಾಕೆ ಬೇಡ? ಆ ಕೆಂಪು ಬೆಳಕು ನಿಮಗೆ ಹಿಡಿಸಿತ್ತಲ್ಲ? ಪೂರ್ತಿ ವಾಸಿಯಾದ ಮೇಲೆ, ನಾನು ನೋಡಿ ಹೇಳಿದ ಮೇಲೆ, ಮತ್ತೆ ಹಾಕ್ಕೊಳ್ಳಿ. ನಿಧಾನಕ್ಕೆ ಸ್ವಲ್ಪ ನಯ ಬರತ್ತೆ. ಇಪ್ಪತ್ತರ ಮುಖ ವಾಪಸ್ ಬರಲ್ಲ, ಅಷ್ಟೇ." ಅರ್ಫಾ ನಕ್ಕಳು. "ಆದ್ರೆ ಆಂಟಿ, ಇಷ್ಟು ಹುಷಾರಿರೋ ನೀವು... ಯಾರ ಮೇಲಿನ ಸಿಟ್ಟನ್ನ ಕೆನ್ನೆ ಮೇಲೆ ತೀರಿಸ್ಕೊಂಡ್ರಿ?"

ಮಲ್ಲಿಕಾಂಬ ಸೆರಗು ಸರಿಮಾಡಿಕೊಂಡು ಎದ್ದಳು. ಜಹೀರುನ್ನೀಸಾ ಮಾತ್ರ ಸೊಸೆಯ ಕಡೆ ನೋಡಿ ತಲೆಯಾಡಿಸಿದಳು.

*

ಸುದ್ದಿ ತಿಳಿದು ಸೌಮ್ಯ ತರೀಕೆರೆಯಿಂದ ಮೊದಲ ಬಸ್ಸಿಗೇ ಓಡಿಬಂದಳು. ಅಮ್ಮನ ಮುಖ ನೋಡಿ ಅತ್ತಳು, ಬೈದಳು, ಮತ್ತೆ ಅತ್ತಳು. ಮೂಲೆಯಲ್ಲಿ ಬಿದ್ದಿದ್ದ ಪೆಟ್ಟಿಗೆಯ ಮೇಲೆ ಅವಳ ಕಣ್ಣು ಬಿತ್ತು.

"ಇದೇನಾ ವಿಶ್ವಾರಾಧ್ಯ ಅಂಕಲ್ ತಂದಿದ್ದು?"

ಮಲ್ಲಿಕಾಂಬ ಬೆಚ್ಚಿದಳು. "ನಿನಗೆ ಹೇಗೇ ಗೊತ್ತು?"

"ನನಗೆ ಫೋನ್ ಮಾಡಿದ್ರಮ್ಮ. ಜಹೀರಾ ಆಂಟಿ ಹತ್ರ ನನ್ನ ನಂಬರ್ ಇಸ್ಕೊಂಡಿದ್ರಂತೆ. 'ನಾನು ಹೆದರಿ ಬಿದ್ದಿದ್ದಕ್ಕೇ ನಿಮ್ಮಮ್ಮನ ಮುಖವಾಡ ಒಡೀತು. ಅರ್ಧ ದೀಪದಲ್ಲೇ ಕೂತಿರ್ತಾರೆ ಪಾಪ. ಅಂಥದ್ದೇ ಎಲ್ಲಿ ಸಿಗತ್ತೆ ಹೇಳಮ್ಮ' ಅಂತ. ಆ ಮಾಡೆಲ್ ಈಗ ಬರ್ತಿಲ್ಲ ಅಂಕಲ್, ಅಂಗಡೀಲಿ ಕೇಳಿ ಬೇರೆ ಒಳ್ಳೇದು ತಗೊಳ್ಳಿ ಅಂದೆ. ಶಿವಮೊಗ್ಗ ಪೂರ್ತಿ ಅಲೆದ್ರಂತೆ!"

"ಅಂದ್ರೆ... ನನ್ನ ಮುಖ ನೋಡಿ ತಂದಿದ್ದಲ್ಲ ಅಂತೀಯಾ?"

"ನಿನ್ನ ಮುಖಕ್ಕೇನಾಗಿದೆ? ಒಡೆದಿದ್ದು ಮುಖವಾಡ!" ಸೌಮ್ಯ ಅಮ್ಮನನ್ನೇ ದಿಟ್ಟಿಸಿ ನೋಡಿದಳು. ನೋಡುತ್ತಾ ನೋಡುತ್ತಾ ಅವಳಿಗೆ ಎಲ್ಲವೂ ಅರ್ಥವಾಯಿತು. ದನಿ ಮೆತ್ತಗಾಯಿತು. "ಅಮ್ಮಾ... ಅವ್ರು ನಿನಗೆ ಇಷ್ಟ ಅಲ್ವಾ?"

"ಏನೇ ಮಾತಾಡ್ತೀಯ! ಮದುವೆಯಾದ ಮಗಳಿದಾಳೆ ನನಗೆ!"

"ಆ ಮಗಳೇ ಕಣಮ್ಮ ಕೇಳ್ತಿರೋದು."

ಮಲ್ಲಿಕಾಂಬ ಮುಖ ತಿರುಗಿಸಿದಳು. ಸೌಮ್ಯ ಎದ್ದು ಬಂದು ಪಕ್ಕದಲ್ಲಿ ಕುಳಿತಳು.

"ಆ ಮುಖವಾಡ ನೀನು ಚೆನ್ನಾಗಿ ಕಾಣ್ಲಿ ಅಂತ ಕೊಟ್ಟೆ ಅಂದ್ಕೊಂಡ್ಯಾ? ನಾನು ಹುಟ್ಟಿದಾಗಿನಿಂದ ನೀನು ನಿನಗೋಸ್ಕರ ಸುಮ್ನೆ ಕೂತಿದ್ದನ್ನ ನೋಡೇ ಇಲ್ಲ. ಹತ್ತು ನಿಮಿಷನಾದ್ರೂ ಕೂತ್ಕೊಳ್ಲಿ ಅಂತ ಕೊಟ್ಟೆ. ನೀನೊಬ್ಳೇ ಇರೋದು ನನಗೆ ಹೆಮ್ಮೆಯಲ್ಲಮ್ಮ... ಸಂಕಟ."

ತಾಯಿಯ ಕಣ್ಣಿಂದ ಹನಿಗಳು ಮುಲಾಮಿನ ಮೇಲೆ ಇಳಿದವು.

"ಜನ ಏನಂತಾರೆ ಸೌಮ್ಯಾ..."

"ಏನೋ ಒಂದು ಅಂತಾರೆ. ಮಠಕ್ಕೆ ಹೋಗಿ ಬುದ್ಧಿಯವರ ಆಶೀರ್ವಾದ ತಗೊಳ್ಳೋಣ. ವಿಧವೆಗೆ ಮದುವೆ ಮಾಡೋದು ನಮ್ಮೋರಿಗೆ ಹೊಸದಲ್ಲ. ಮೊದ್ಲು ನೀನು ಹೋಗಿ ಅವ್ರಿಗೆ ಹೇಳು."

*

ಗುಳ್ಳೆ ಆರಿ ಹೊಸ ಚರ್ಮ ಬರುವ ತನಕ ಅರ್ಫಾ ಬಿಸಿಲಿಗೆ ಬಿಡಲಿಲ್ಲ. ಆ ದಿನಗಳಲ್ಲಿ ಮಲ್ಲಿಕಾಂಬ ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು. ಫೋನಿನಲ್ಲಿ ಹೇಳುವ ಮಾತಲ್ಲ ಅದು.

ಕೊನೆಗೊಂದು ಬೆಳಗ್ಗೆ ಬಸ್ಸು ಹತ್ತಿ ಅಜ್ಜಂಪುರಕ್ಕೆ ಹೋದಳು. ಲಸಿಕೆಯವರು ಇವತ್ತು ಬುಕ್ಕಾಂಬುಧಿಯಲ್ಲಿದ್ದಾರೆ ಎಂದರು. ಅಲ್ಲಿಂದ ಆಟೋ. ಕೆನ್ನೆಯ ಮೇಲೆ ಎರಡು ಕಂದು ಕಲೆಗಳಿದ್ದವು. ವೇಲು ಸುತ್ತಿಕೊಳ್ಳೋಣ ಎಂದು ಬ್ಯಾಗಿಗೆ ಕೈ ಹಾಕಿದವಳು, ಬೇಡವೆಂದು ಬಿಟ್ಟಳು. ಸನ್‌ಸ್ಕ್ರೀನ್ ಹಚ್ಚಿದ್ದಳು, ಕೊಡೆ ಹಿಡಿದಿದ್ದಳು. ಮುಖ ಮುಚ್ಚಿರಲಿಲ್ಲ.

ಕೆರೆ ಏರಿಯ ಕೆಳಗೆ ಹೊಂಗೆಮರಗಳ ನೆರಳಿನಲ್ಲಿ ದನಗಳು ಸಾಲಾಗಿ ನಿಂತಿದ್ದವು. ಅಂಗಿಯ ತೋಳು ಮಡಚಿಕೊಂಡು ವಿಶ್ವಾರಾಧ್ಯ ಒಂದು ಕರುವಿನ ಕತ್ತು ಸವರುತ್ತಾ ಏನೋ ಹೇಳುತ್ತಿದ್ದ. ತಲೆ ಎತ್ತಿದವನು ಅವಳನ್ನು ನೋಡಿ ಹಾಗೇ ನಿಂತುಬಿಟ್ಟ.

ಅವಳು ಹತ್ತಿರ ಬಂದಳು. ಅವನ ಕಣ್ಣು ಅವಳ ಕೆನ್ನೆಯ ಮೇಲೆ ನಿಂತಿತು.

"ಏನಿದು ಟೀಚರ್? ಯಾರು... ಹೇಗಾಯ್ತು?"

"ನೀವು ಕೊಟ್ಟ ಮೆಷಿನ್ನಲ್ಲಿ ನಾನೇ ಸುಟ್ಕೊಂಡೆ."

ಅವನು ಕೈಯಲ್ಲಿದ್ದ ಸಿರಿಂಜನ್ನು ಜೊತೆಯವನಿಗೆ ಕೊಟ್ಟು ಏರಿಯ ಕಲ್ಲಿನ ಮೇಲೆ ಕುಳಿತುಬಿಟ್ಟ. "ನಾನು... ನಾನು ತಂದುಕೊಟ್ಟಿದ್ದರಿಂದಾನಾ? ಅದಕ್ಕೇನಾ ಹೋಗಿ ಅಂದಿದ್ದು?"

"ಇಲ್ಲ ಕಣ್ರೀ! ಪೂರ್ತಿ ಕೇಳಿ." ಅವಳು ಅವನ ಪಕ್ಕದ ಕಲ್ಲಿನ ಮೇಲೆ ಕುಳಿತಳು. "ಆ ಪೆಟ್ಟಿಗೆ ಮೇಲೆ ಎರಡು ಮುಖ ಇತ್ತು. ಎಡಗಡೆದು ನಂದು ಅಂತ ನೀವು ಹೇಳ್ತಿದ್ದೀರ ಅಂದ್ಕೊಂಡೆ. ಇಷ್ಟು ದಿನ ಹಿಂದೆ ಕೂತು ನನ್ನ ಮುಖದ ಗೆರೆ ಎಣಿಸ್ತಿದ್ರು ಅಂದ್ಕೊಂಡೆ. ಕೇಳಬಹುದಿತ್ತು. ಕೇಳೋಕೆ ಧೈರ್ಯ ಬರ್ಲಿಲ್ಲ. ಹೌದು ಅಂದ್ಬಿಟ್ರೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ... ಯಾಕಂದ್ರೆ..."

"ಯಾಕಂದ್ರೆ?"

"ಬೇರೆ ಯಾರು ಅಜ್ಜಿ ಅಂದ್ರೂ ನಗ್ತೀನಿ. ನಿಮ್ಮ ಕಣ್ಣಲ್ಲಿ ಮಾತ್ರ ನಾನು ಚೆನ್ನಾಗಿರ್ಬೇಕು ಅನ್ಸಿತ್ತು. ಅಷ್ಟೇ. ಹೇಳ್ಬಿಟ್ಟೆ."

ಕೆರೆಯ ನೀರಿನ ಮೇಲಿಂದ ಗಾಳಿ ಬೀಸಿತು. ವಿಶ್ವಾರಾಧ್ಯ ಅಂಗೈಗಂಟಿದ್ದ ಧೂಳನ್ನು ಒರೆಸಿಕೊಂಡ.

"ನನ್ನ ಹೆಂಡ್ತಿ ಒಂದ್ಸಲ ಮುಖಕ್ಕೆ ಹಚ್ಚೋ ಕ್ರೀಮು ತಂದ್ಕೊಡಿ ಅಂದಿದ್ಲು," ಎಂದ. "ನಿನಗ್ಯಾಕೆ ಅದು, ನೀನು ಹೀಗೇ ಚೆನ್ನಾಗಿದೀಯ ಅಂದೆ. ಹೊಗಳ್ತಿದೀನಿ ಅಂದ್ಕೊಂಡಿದ್ದೆ. ಅವ್ಳು ಮತ್ತೆ ಏನೂ ಕೇಳ್ಲಿಲ್ಲ. ಸ್ವಲ್ಪ ದಿನಕ್ಕೇ ಕಾಯಿಲೆ ಬಂತು... ಹೋಗ್ಬಿಟ್ಲು. ಅವ್ಳು ಇಷ್ಟಪಟ್ಟಿದ್ದು ಒಂದು ಕ್ರೀಮು. ಅದನ್ನೂ ಕೊಡಿಸ್ಲಿಲ್ಲ ನಾನು."

ಮಲ್ಲಿಕಾಂಬಳ ಕೈ ತಾನಾಗಿ ಅವನ ಕೈಯ ಮೇಲೆ ಬಂತು.

"ನೀವು ಅರ್ಧ ದೀಪದ ಮಾತು ಹೇಳಿ ನಕ್ರಲ್ಲ, ಅವತ್ತೇ ಅಂದ್ಕೊಂಡೆ. ಈ ಸಲ ಯಾಕೆ, ಏನಕ್ಕೆ ಅಂತ ಕೇಳಬಾರ್ದು, ತಂದ್ಕೊಡ್ಬೇಕು ಅಂತ. ಪೆಟ್ಟಿಗೆ ಮೇಲೆ ಏನಿದೆ ಅಂತ ನೋಡ್ಲೇ ಇಲ್ಲ, ನನ್ನ ದಡ್ಡತನ." ಅವನು ಮೊದಲ ಸಲ ಅವಳ ಕಡೆ ಪೂರ್ತಿ ತಿರುಗಿದ. "ಹಿಂದೆ ಕೂತು ಗೆರೆ ಎಣಿಸ್ತಿದ್ದೆ ಅಂದ್ರಲ್ಲ... ಸ್ಕೂಟರಿನ ಕನ್ನಡೀಲಿ ನಿಮ್ಮ ಮುಖ ಕಾಣ್ತಿತ್ತು. ದಿನಾ ನೋಡ್ತಿದ್ದೆ, ಸುಳ್ಳು ಹೇಳಲ್ಲ. ಇವತ್ತು ನಗ್ತಾರಾ ಇಲ್ವಾ ಅಂತ ನೋಡ್ತಿದ್ದೆ. ನೀವು ನಕ್ಕ ದಿನ ನನಗೆ ಆಸ್ಪತ್ರೇಲಿ ಕೆಲ್ಸ ಮಾಡಿದ್ದೇ ಗೊತ್ತಾಗ್ತಿರ್ಲಿಲ್ಲ."

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

"ಈ ಕಲೆ ಹೋಗೋಕೆ ಇನ್ನೂ ತಿಂಗಳುಗಳಾಗತ್ತಂತೆ ಕಣ್ರೀ."

"ಆಗಲಿ."

"ಪೂರ್ತಿ ಹೋಗದೇನೂ ಇರಬಹುದಂತೆ."

"ಇರಲಿ."

"ವಾಸಿಯಾದ ಮೇಲೆ ನಾನು ಮತ್ತೆ ಆ ಕೆಂಪು ದೀಪ ಹಾಕ್ಕೊಂಡು ಕೂತ್ಕೋತೀನಿ. ನನಗೆ ಅದು ಇಷ್ಟ. ಯಾರಿಗೋಸ್ಕರಾನೂ ಅಲ್ಲ."

"ಕೂತ್ಕೊಳ್ಳಿ. ಆ ಹೊತ್ತಲ್ಲಿ ಯಾರು ಬಾಗಿಲು ಬಡಿದ್ರೂ ನಾನೇ ತೆಗೀತೀನಿ." ಹೇಳಿದ ಮೇಲೆ ಆ ಮಾತಿನ ಅರ್ಥ ತನಗೇ ಹೊಳೆದು ಅವನು ತಡವರಿಸಿದ. "ಅಂದ್ರೆ... ಮೇಲಿನ ಮನೆ ಇನ್ನೂ ನೆಂಟರಿಗೆ ಕೊಟ್ಟಿಲ್ಲ ಅಂದ್ರೆ..."

"ಯಾವ ನೆಂಟರೂ ಇಲ್ಲ. ಆದ್ರೆ ಮೇಲಿನ ಮನೆ ನಿಮಗೆ ಕೊಡಲ್ಲ."

"ಯಾಕೆ?"

"ಸೌಮ್ಯ ಕೆಳಗಿನ ಮನೆಗೇ ಕರ್ಕೊಂಡು ಬಾ ಅಂದಿದಾಳೆ." ಹೇಳಿ ಮುಗಿಸುವಷ್ಟರಲ್ಲಿ ಅವಳ ಕಿವಿ ಕೆಂಪಾಗಿತ್ತು. "ಮೊದ್ಲು ಮಠಕ್ಕೆ ಹೋಗಿ, ಹಾರ ಬದಲಾಯಿಸ್ಕೊಂಡು... ಆಮೇಲೆ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಅಷ್ಟರಲ್ಲಿ ಮರದ ಕೆಳಗಿನಿಂದ ಒಬ್ಬ ಮುದುಕಿ ಕೂಗಿದಳು. "ಡಾಕ್ಟ್ರಪ್ಪಾ, ನನ್ ಎಮ್ಮೆ ಬೆಳಗಿಂದ ನಿಂತೈತೆ, ಸೂಜಿ ಚುಚ್ತೀಯೋ ಇಲ್ವೋ?"

"ಬಂದೆ ಅಜ್ಜಿ!" ಅವನು ಎದ್ದ. ಎರಡು ಹೆಜ್ಜೆ ಹೋದವನು ತಿರುಗಿ ನಿಂತ. "ಹೊರಟುಹೋಗಲ್ಲ ತಾನೆ... ಮಲ್ಲಿಕಾ?"

ಟೀಚರ್ ಅಲ್ಲ, ಮೇಡಂ ಅಲ್ಲ. ಗಂಡ ತೀರಿದ ಮೇಲೆ ಯಾವ ಗಂಡಸಿನ ಬಾಯಲ್ಲೂ ಕೇಳಿರದ ಅವಳ ಬರಿಯ ಹೆಸರು.

"ಏನಂದ್ರಿ?"

"ತಪ್ಪಾಯ್ತಾ?"

"ಇಲ್ಲ... ಇನ್ನೊಂದ್ಸಲ ಹೇಳಿ."

"ಮಲ್ಲಿಕಾ."

"ಹ್ಞೂಂ," ಎಂದಳು ಅವಳು. "ಹೋಗಿ, ಎಮ್ಮೆ ಕಾಯ್ತಿದೆ. ನಾನು ಇಲ್ಲೇ ಇರ್ತೀನಿ."